'ಇನ್ ಸ್ಪೈಟ್ ಆಫ್ ದಿ ರೈನ್' ಅಂದರೆ ಮಳೆ ಮೇಲೆ ಹಗೆಯಾ? ಹುಡುಗನಿಗೆ ಏನು ಉತ್ತರ ಹೇಳಲಿ?

ಟೀಚರಮ್ಮ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಮನೆಯಲ್ಲೇ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳಿಕೊಡುತ್ತೇನೆ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು. ಸುತ್ತಮುತ್ತಲ ಹಳ್ಳಿಯವರೇ ಜಾಸ್ತಿ, ಎಲ್ಲರೂ ಕನ್ನಡ ಮೀಡಿಯಂ.

ಮೊನ್ನೆ 'ಹಿ ವೆಂಟ್ ಟು ಸ್ಕೂಲ್ ಇನ್ ಸ್ಪೈಟ್ ಆಫ್ ದಿ ರೈನ್' ಅಂತ ಬೋರ್ಡ್ ಮೇಲೆ ಬರೆದು, ಮಳೆ ಬಂದರೂ ಸ್ಕೂಲಿಗೆ ಹೋದ ಅಂತ ಅರ್ಥ ಹೇಳಿದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. 'ಮಿಸ್, ಡಿಕ್ಷನರಿಯಲ್ಲಿ ಸ್ಪೈಟ್ ಅಂದರೆ ಹಗೆ, ಮತ್ಸರ ಅಂತ ಇದೆ. ಇಲ್ಲಿ ಯಾರಿಗೆ ಯಾರ ಮೇಲೆ ಹಗೆ? ಹುಡುಗನಿಗೆ ಮಳೆ ಮೇಲಾ, ಮಳೆಗೆ ಹುಡುಗನ ಮೇಲಾ?' ಅಂದ.

ತಮಾಷೆಗೆ ಕೇಳಿದ್ದಲ್ಲ ಅದು. ಡಿಕ್ಷನರಿ ತೆಗೆದು, ಪುಟ ಹುಡುಕಿ, ಯೋಚನೆ ಮಾಡಿ ಕೇಳಿದ್ದಾನೆ. ನನಗೆ ಉತ್ತರ ಗೊತ್ತಿರಲಿಲ್ಲ. 'ಅದು ಹಾಗೇ ಇರೋದು, ಸುಮ್ನೆ ಬಾಯಿಪಾಠ ಮಾಡು' ಅನ್ನೋದು ನಾಲಿಗೆ ತುದಿಗೇ ಬಂದಿತ್ತು. ಹೇಳಲಿಲ್ಲ. ಯಾಕೆಂದರೆ ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇಂಥದ್ದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ 'ಮೊದಲು ಸ್ಪೆಲಿಂಗ್ ಸರಿಯಾಗಿ ಬರಿ' ಅಂದಿದ್ದರು. ಆ ನೋಟ ಇವತ್ತಿಗೂ ಮರೆತಿಲ್ಲ. ಆಮೇಲೆ ಎಷ್ಟೋ ವರ್ಷ ನಾನು ಕ್ಲಾಸಿನಲ್ಲಿ ಬಾಯೇ ಬಿಡಲಿಲ್ಲ. 'ಬುಧವಾರ ಹೇಳುತ್ತೇನೆ' ಅಂತ ಹುಡುಗನಿಗೆ ಮಾತು ಕೊಟ್ಟಿದ್ದೇನೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ, ಮಗುವಿಗೆ ಅರ್ಥ ಆಗೋ ಹಾಗೆ.

ನಿವೃತ್ತ ಮೇಷ್ಟ್ರು, ಮೈಸೂರು

ಮೇಡಂ, ಆ ಹುಡುಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು, ಈ ಪ್ರಶ್ನೆಯನ್ನು ನನಗೆ ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹುಡುಗ ಕೇಳಿದ್ದು ಸರಿಯಾಗಿದೆ. ಹಿಂದೆ ಒಂದು ಕಾಲದಲ್ಲಿ ಆ ಮಾತಿನೊಳಗೆ ನಿಜವಾಗಿಯೂ ಒಬ್ಬರನ್ನು ಕೀಳಾಗಿ ಕಾಣೋ ಭಾವ ಇತ್ತು.

ಮೊದಲು ಸ್ಪೈಟ್ ಅನ್ನು ಪಕ್ಕಕ್ಕಿಡಿ. ಅದು ಮೊಟಕಾದ ರೂಪ. ಪೂರ್ತಿ ಪದ ಡೆಸ್ಪೈಟ್. ಈಗ ನಾವು ಇದನ್ನು 'ಆದರೂ' ಅನ್ನೋ ಅರ್ಥಕ್ಕೆ ಮಾತ್ರ ಬಳಸುತ್ತೇವೆ. ಆದರೆ ಇದು ಇಂಗ್ಲಿಷಿಗೆ ಬಂದಾಗ ನಾಮಪದವಾಗಿತ್ತು, ತಿರಸ್ಕಾರ ಅಂತಲೇ ಅದರ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ, ನ್ಯಾಯಾಲಯದಲ್ಲಿ ಫ್ರೆಂಚ್ ಮಾತು ನಡೆಯುತ್ತಿತ್ತು. ಅಲ್ಲಿಂದ ಸಾವಿರಾರು ಪದಗಳು ಇಂಗ್ಲಿಷಿಗೆ ಇಳಿದವು. ಡೆಸ್ಪೈಟ್ ಬಂದದ್ದು 1300ರ ಸುಮಾರಿಗೆ, ಹಳೆಯ ಫ್ರೆಂಚಿನ 'ದೆಸ್ಪಿತ್' ಅನ್ನೋ ಪದದಿಂದ. ಅದರ ಹಿಂದೆ ಲ್ಯಾಟಿನ್ನಿನ 'ಡೆಸ್ಪೆಕ್ಟುಸ್'. 'ಡೆ' ಅಂದರೆ ಕೆಳಗೆ, 'ಸ್ಪೆಕೆರೆ' ಅಂದರೆ ನೋಡು. ಕೆಳಗೆ ನೋಡೋದು. ನಿಮ್ಮ ಏಳನೇ ಕ್ಲಾಸಿನ ಮೇಷ್ಟ್ರು ನಿಮ್ಮನ್ನು ನೋಡಿದರಲ್ಲ, ಆ ನೋಟಕ್ಕೆ ಹೆಸರು ಅದು. ಡಿಸ್ಪೈಸ್, ಅಂದರೆ ಕೀಳಾಗಿ ಕಾಣು, ಅನ್ನೋ ಕ್ರಿಯಾಪದವೂ ಇದೇ ಮನೆಯದು.

ಆಗಿನ ಕಾಲದಲ್ಲಿ ಒಬ್ಬ ಇನ್ನೊಬ್ಬನಿಗೆ 'ಡೆಸ್ಪೈಟ್ ಮಾಡಿದ' ಅಂತ ಬರೆಯುತ್ತಿದ್ದರು, ಅಂದರೆ ಅವಮಾನ ಮಾಡಿದ ಅಂತ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇದು ಹಾಗೇ ಉಳಿದಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ 'ಡನ್ ಡೆಸ್ಪೈಟ್ ಅಂಟು ದಿ ಸ್ಪಿರಿಟ್ ಆಫ್ ಗ್ರೇಸ್' ಅಂತ ಬರುತ್ತದೆ. ಈಗಿನವರು ಅದನ್ನು ಓದಿದರೆ ಏನೋ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ. ಅಲ್ಲಿ ಡೆಸ್ಪೈಟ್ ಅಂದರೆ ಅವಮಾನ, ತಿರಸ್ಕಾರ.

ಈಗ ನಿಮ್ಮ ಮಳೆಗೆ ಬರೋಣ. ಫ್ರೆಂಚಿನಲ್ಲಿ 'ಆನ್ ದೆಸ್ಪಿತ್ ದೆ' ಅನ್ನೋ ಮಾತಿತ್ತು, ಇಂಥವರನ್ನು ತಿರಸ್ಕರಿಸಿ ಅಂತ. ಅದನ್ನೇ ಇಂಗ್ಲಿಷಿನವರು 'ಇನ್ ಡೆಸ್ಪೈಟ್ ಆಫ್' ಅಂತ ಮಾಡಿಕೊಂಡರು. ಮೊದಮೊದಲು ಇದು ಮನುಷ್ಯರ ವಿಷಯ. ರಾಜ ಬೇಡ ಅಂದ, ಇವನು ರಾಜನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮಾಡಿದ. ಅಲ್ಲಿ ನಿಜವಾದ ತಿರಸ್ಕಾರ ಇದೆ. ಆಮೇಲೆ ನಿಧಾನವಾಗಿ ಅಪ್ಪಣೆ, ಅಡ್ಡಿ, ಚಳಿ, ಮಳೆ ಎಲ್ಲವೂ ಆ ಜಾಗಕ್ಕೆ ಬಂದವು. ಮಳೆಯನ್ನು ಯಾರು ಕೀಳಾಗಿ ಕಾಣುತ್ತಾರೆ? ಯಾರೂ ಇಲ್ಲ. ಹಾಗಾಗಿ ಆ ಭಾವ ಸವೆದು ಹೋಯಿತು, 'ಅಡ್ಡಿ ಇತ್ತು, ಆದರೂ ಮಾಡಿದ' ಅನ್ನೋದಷ್ಟೇ ಉಳಿಯಿತು. ಮೊಟಕು ರೂಪದಲ್ಲಿ 'ಇನ್ ಸ್ಪೈಟ್ ಆಫ್' ಕೂಡ ಅದೇ ದಾರಿ ಹಿಡಿಯಿತು. ಆದರೆ ಸ್ಪೈಟ್ ಒಂಟಿಯಾಗಿ ನಿಂತಾಗ ಹಳೆಯ ಕಹಿ ಪೂರ್ತಿ ಹೋಗಲಿಲ್ಲ, ಹಗೆ ಅನ್ನೋ ಅರ್ಥಕ್ಕೆ ತಿರುಗಿ ಇವತ್ತಿಗೂ ಹಾಗೇ ಇದೆ. ಡೆಸ್ಪೈಟ್ ಅನ್ನೋ ನಾಮಪದದ ಜಾಗವನ್ನು ಕಂಟೆಂಪ್ಟ್, ಸ್ಕಾರ್ನ್ ಹಿಡಿದುಕೊಂಡವು.

ಮಗುವಿಗೆ ಹೇಗೆ ಹೇಳೋದು ಅಂತ ಕೇಳಿದ್ದೀರಿ. ನಾನಾಗಿದ್ದರೆ ಹೀಗೆ ಕೇಳುತ್ತಿದ್ದೆ: 'ನನ್ನ ಕೈಲಿ ಓಡೋಕಾಗಲ್ಲ ಅಂತೀಯಲ್ಲ ಮಗನೇ, ಯಾರಾದರೂ ಕೈಯಲ್ಲಿ ಓಡುತ್ತಾರಾ?' ಅಷ್ಟು ಸಾಕು. ಅವನಿಗೆ ತಕ್ಷಣ ಹೊಳೆಯುತ್ತದೆ. ಅಲ್ಲಿ ಕೈ ಇದೆ, ಆದರೆ ಕೈ ಇಲ್ಲ. ಇಲ್ಲಿ ಸ್ಪೈಟ್ ಇದೆ, ಹಗೆ ಇಲ್ಲ.

ಆಲೆಮನೆ ಹುಡುಗ

ಮೇಷ್ಟ್ರೇ, 'ಕೈಲಿ ಓಡೋದು' ಓದಿ ಒಂದು ನಿಮಿಷ ಹಾಗೇ ಕೂತುಬಿಟ್ಟೆ. ದಿನಾ ಆಡೋ ಮಾತು, ಒಂದು ಸಲವೂ ಹೊಳೆದಿರಲಿಲ್ಲ.

ನಮ್ಮ ಕಡೆ ಇನ್ನೂ ಒಂದು ಇದೆ. 'ಅವನು ಯಾರಿಗೂ ಸೊಪ್ಪು ಹಾಕಲ್ಲ' ಅಂತೀವಿ. ಪೇಪರಿನಲ್ಲೂ 'ಬೆದರಿಕೆಗೆ ಸೊಪ್ಪು ಹಾಕದೆ' ಅಂತ ಬರೆಯುತ್ತಾರೆ. ಬೆದರಿಕೆ ಏನು ಮೇಕೆಯಾ, ಸೊಪ್ಪು ತಿನ್ನೋಕೆ? ಆದರೂ ಓದುವಾಗ ಯಾರಿಗೂ ಸೊಪ್ಪು ಕಣ್ಣಿಗೆ ಬೀಳಲ್ಲ, ಬೆದರಿಕೆ ಇದ್ದರೂ ಹೆದರಲಿಲ್ಲ ಅಂತ ಗೊತ್ತಾಗುತ್ತದೆ, ಅಲ್ವಾ. 'ಕ್ಯಾರೇ ಅನ್ನದೆ' ಕೂಡ ಹಾಗೇ. ಹೋದ ತಿಂಗಳು ಕಬ್ಬು ಕಡಿಯುವಾಗ ಜೋರು ಮಳೆ ಬಂತು, ನಮ್ಮ ತಾತ ಮಳೆಗೂ ಕ್ಯಾರೇ ಅನ್ನದೆ ಗದ್ದೆಯಲ್ಲೇ ನಿಂತಿದ್ದರು. ಟೀಚರಮ್ಮ, ಇದನ್ನು ನಿಮ್ಮ ಹುಡುಗನಿಗೆ ಹೇಳಿ. ಇದು ಪಕ್ಕಾ 'ಇನ್ ಸ್ಪೈಟ್ ಆಫ್ ದಿ ರೈನ್'.

ಗರಡಿಮನೆ ಮೊಮ್ಮಗ

ನಾನೂ ಒಂದು ಸೇರಿಸಲಾ? ಮೈಸೂರಿನವನು, ನಮ್ಮಜ್ಜ ಪೈಲ್ವಾನರು. ಮೇಷ್ಟ್ರು ಬರೆದದ್ದರಲ್ಲಿ 'ರಾಜನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ' ಅನ್ನೋ ಕಡೆ ನನಗೆ ನೆನಪಾಗಿದ್ದು ಸೆಡ್ಡು ಹೊಡೆಯೋದು.

ದಸರಾ ಹೊತ್ತಿಗೆ ದೊಡ್ಡಕೆರೆ ಮೈದಾನದ ಕಡೆ ಕುಸ್ತಿ ನೋಡಿದವರಿಗೆ ಗೊತ್ತಿರುತ್ತದೆ. ಅಖಾಡಕ್ಕೆ ಇಳಿದ ಪೈಲ್ವಾನ್ ತೊಡೆ ತಟ್ಟಿ, ತೋಳು ತಟ್ಟಿ ಸದ್ದು ಮಾಡುತ್ತಾನೆ. 'ಬಾ ನೋಡೋಣ' ಅಂತ ಬಾಯಿ ಬಿಟ್ಟು ಹೇಳೋದೇ ಬೇಡ, ಆ ಸದ್ದೇ ಹೇಳುತ್ತದೆ. ಈಗ ಪೇಪರು ತೆಗೆದರೆ ರಾಜಕೀಯದ ಸುದ್ದಿಯಲ್ಲೆಲ್ಲ ಸೆಡ್ಡು. ಪಕ್ಷಕ್ಕೆ ಸೆಡ್ಡು ಹೊಡೆದು ಚುನಾವಣೆಗೆ ನಿಂತರು, ಹಿರಿಯರಿಗೆ ಸೆಡ್ಡು ಹೊಡೆದು ಸಭೆ ಕರೆದರು. ಯಾರೂ ತೊಡೆ ತಟ್ಟಿರುವುದಿಲ್ಲ. ಇನ್ ಡೆಸ್ಪೈಟ್ ಆಫ್ ಅನ್ನೋದಕ್ಕೆ 'ಆದರೂ'ಗಿಂತ 'ಸೆಡ್ಡು ಹೊಡೆದು' ಹತ್ತಿರ ಅಂತ ನನಗೆ ಅನ್ನಿಸುತ್ತದೆ. ಸರಿನಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು, ಮೈಸೂರು

ಸರಿ ಕಣಪ್ಪ, ತುಂಬಾ ಸರಿ. ಡೆಸ್ಪೈಟ್ ಇಂಗ್ಲಿಷಿಗೆ ಬಂದ ಹೊಸದರಲ್ಲಿ ಬರೀ ಮನಸ್ಸಿನೊಳಗಿನ ತಿರಸ್ಕಾರ ಆಗಿರಲಿಲ್ಲ. ಎದುರಾಳಿಯನ್ನು ಹೀಯಾಳಿಸಿ ಸವಾಲು ಹಾಕೋದು, ಬೇಕಂತಲೇ ಅವಮಾನ ಆಗೋ ಹಾಗೆ ನಡೆದುಕೊಳ್ಳೋದು, ಇದೂ ಅದರ ಅರ್ಥವೇ. ಸೆಡ್ಡಿನ ಸದ್ದು ಅದರಲ್ಲಿ ಕೇಳಿಸುತ್ತದೆ. ಇದು ನನಗೆ ಹೊಳೆದಿರಲಿಲ್ಲ, ಇನ್ನು ಮುಂದೆ ಯಾರಿಗಾದರೂ ಹೇಳುವಾಗ ನಿಮ್ಮಜ್ಜನ ಅಖಾಡದಿಂದಲೇ ಶುರು ಮಾಡುತ್ತೇನೆ.

ಪರೀಕ್ಷೆಗೆ ಹತ್ತು ದಿನ

ಕ್ಷಮಿಸಿ, ನಾನು ಒಂದು ಬೇರೆ ಮಾತು ಹೇಳುತ್ತೇನೆ. ನಾನೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡೋನು. ಇದೆಲ್ಲ ಓದೋಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನಮ್ಮ ಮಕ್ಕಳು ಎಸ್ಎಸ್ಎಲ್‌ಸಿಯಲ್ಲಿ ಇಂಗ್ಲಿಷಿಗೇ ಹೆದರೋದು. ಅವರಿಗೆ ಲ್ಯಾಟಿನ್, ಫ್ರೆಂಚ್, 1066 ಎಲ್ಲ ಹೇಳಿದರೆ ಇನ್ನೂ ಗಾಬರಿ ಆಗುತ್ತಾರೆ. ನನ್ನ ಕ್ಲಾಸಿನಲ್ಲಿ ಅರ್ಧ ಜನ 'ಡೆಸ್ಪೈಟ್ ಆಫ್' ಅಂತ ಬರೆಯುತ್ತಾರೆ, ಎಷ್ಟು ತಿದ್ದಿದರೂ ಅದೇ. ಮೊದಲು ಅದನ್ನು ಸರಿ ಮಾಡೋದು ಮುಖ್ಯ. ಚರಿತ್ರೆ ಆಮೇಲೆ.

ನಿವೃತ್ತ ಮೇಷ್ಟ್ರು, ಮೈಸೂರು

ಸರ್, ನಿಮ್ಮ ಕಷ್ಟ ನನಗೆ ಗೊತ್ತು. ನಾನೂ ಅದೇ ಗಾಡಿ ಎಳೆದವನು. ಆದರೆ ನೀವು ಹೇಳಿದ ತಪ್ಪೇ ಈ ಚರಿತ್ರೆಯಿಂದ ಸರಿ ಹೋಗುತ್ತದೆ, ಕೇಳಿ.

ಮೊದಲು 'ಇನ್ ಡೆಸ್ಪೈಟ್ ಆಫ್' ಅಂತ ಮೂರು ಪದ ಇದ್ದವು. ಆಮೇಲೆ ಮುಂದಿನ 'ಇನ್' ಬಿದ್ದು 'ಡೆಸ್ಪೈಟ್ ಆಫ್' ಅಂತಲೂ ಬರೆದರು. ಹೌದು, ಅದು ಒಂದು ಕಾಲದಲ್ಲಿ ಸರಿಯೇ ಆಗಿತ್ತು! ಕೊನೆಗೆ 'ಆಫ್' ಕೂಡ ಬಿದ್ದು ಡೆಸ್ಪೈಟ್ ಒಂದೇ ನಿಂತಿತು. ಆದರೆ 'ಇನ್ ಸ್ಪೈಟ್ ಆಫ್' ಮಾತ್ರ ಮೂರನ್ನೂ ಬಿಡದೆ ಹಿಡಿದುಕೊಂಡಿತು. ಮಕ್ಕಳಿಗೆ ಹೀಗೆ ಹೇಳಿ ನೋಡಿ: ಉದ್ದ ಪದ ಒಂಟಿಯಾಗಿ ಹೋಗುತ್ತದೆ, ಚಿಕ್ಕ ಪದಕ್ಕೆ ಹಿಂದೆ ಒಬ್ಬರು, ಮುಂದೆ ಒಬ್ಬರು ಬೇಕು. ಡೆಸ್ಪೈಟ್ ದೊಡ್ಡವನು, ಒಬ್ಬನೇ ಸಂತೆಗೆ ಹೋಗುತ್ತಾನೆ. ಸ್ಪೈಟ್ ಚಿಕ್ಕವನು, ಒಂದು ಕೈ 'ಇನ್' ಹಿಡಿದಿರಬೇಕು, ಇನ್ನೊಂದು ಕೈ 'ಆಫ್' ಹಿಡಿದಿರಬೇಕು. ನನ್ನ ಮೊಮ್ಮಗಳಿಗೆ ಹೀಗೆ ಹೇಳಿದ ಮೇಲೆ ಅವಳು ಇದನ್ನು ತಪ್ಪಿಸಿಲ್ಲ.

ಇನ್ನೊಂದು. ತಪ್ಪು ಬರೆದ ಮಗುವಿಗೆ 'ನೀನು ಬರೆದದ್ದು ಐನೂರು ವರ್ಷದ ಹಿಂದಿನ ಇಂಗ್ಲಿಷ್, ಈಗ ಕಾಲ ಬದಲಾಗಿದೆ' ಅಂತ ಹೇಳಿದರೆ ಅದರ ಮುಖ ಹೇಗೆ ಅರಳುತ್ತದೆ ನೋಡಿ. ಕೆಂಪು ಗೆರೆ ಎಳೆಯೋದಕ್ಕಿಂತ ಅದು ಎಷ್ಟೋ ವಾಸಿ.

ಸ್ಪೆಲಿಂಗಿನ ವಿಷಯವೂ ಸ್ವಾರಸ್ಯ. ಹದಿನಾರನೇ ಶತಮಾನದಲ್ಲಿ ಡೆಸ್ಪೈಟ್ ಅನ್ನು ಲೈಟ್, ನೈಟ್ ಥರ ನಡುವೆ 'ಜಿ ಎಚ್' ಹಾಕಿ ಬರೆಯೋ ರೂಢಿ ಬಂತು. ಫ್ರೆಂಚಿನಿಂದ ಬಂದ ಪದಕ್ಕೆ ಆ ಅಕ್ಷರಗಳ ಹಂಗೇ ಇಲ್ಲ. ಡೆಸ್ಪೈಟ್ ಹೇಗೋ ಅದನ್ನು ಕೊಡವಿಕೊಂಡಿತು. ಪಾಪ, ಡಿಲೈಟ್ ಸಿಕ್ಕಿಹಾಕಿಕೊಂಡಿತು. ಅದೂ ಫ್ರೆಂಚಿನಿಂದ ಬಂದದ್ದು, ಅದಕ್ಕೂ ಆ ಎರಡು ಅಕ್ಷರ ಬೇಕಿರಲಿಲ್ಲ, ಇವತ್ತಿಗೂ ಹೊತ್ತುಕೊಂಡಿದೆ. ನಮ್ಮ ಮಕ್ಕಳು ಆ ಸ್ಪೆಲಿಂಗಿಗೆ ಮಾರ್ಕ್ಸ್ ಕಳೆದುಕೊಳ್ಳುವಾಗ ನನಗೆ ನಿಜವಾಗಿ ಬೇಸರ ಆಗುತ್ತದೆ.

ಸರಸ್ವತಿಪುರಂ ಅತ್ತೆ

ಒಳ್ಳೆಯ ಮಾತು ನಡೀತಿದೆ. ನಾನು ಸಂಸ್ಕೃತ ಓದಿದವಳು, ಆ ಕಡೆಯಿಂದ ನಾಲ್ಕು ಮಾತು.

ಮೇಷ್ಟ್ರು ಡೆಸ್ಪೈಟಿನಲ್ಲಿ 'ನೋಡು' ಇದೆ ಅಂದರು. ನಮ್ಮ ಉಪೇಕ್ಷೆಯಲ್ಲೂ ನೋಡೋದೇ ಇದೆ. ಉಪ ಸೇರಿಸು ಈಕ್ಷೆ. ಈಕ್ಷೆ ಅಂದರೆ ನೋಟ. ಪರೀಕ್ಷೆ ಸುತ್ತಲೂ ನೋಡೋದು, ಸಮೀಕ್ಷೆ ಚೆನ್ನಾಗಿ ನೋಡೋದು, ನಿರೀಕ್ಷೆ ಕಣ್ಣಿಟ್ಟು ಕಾಯೋದು. ಉಪೇಕ್ಷೆ ಅಂದರೆ ನೋಡಿಯೂ ಸುಮ್ಮನಿರೋದು. ಆಶ್ಚರ್ಯ ಏನೆಂದರೆ ಯೋಗಸೂತ್ರದಲ್ಲಿ ಮೈತ್ರಿ, ಕರುಣೆ, ಮುದಿತೆ ಜೊತೆಗೆ ಉಪೇಕ್ಷೆಯೂ ಬರುತ್ತದೆ, ಅಲ್ಲಿ ಅದು ಒಳ್ಳೆಯ ಗುಣ, ಕೆಟ್ಟದ್ದನ್ನು ಕಂಡರೂ ಮನಸ್ಸು ಕದಡಿಕೊಳ್ಳದೆ ಇರೋದು. ಕನ್ನಡದ ದಿನದ ಮಾತಿನಲ್ಲಿ ಮಾತ್ರ ಅದು ಅಸಡ್ಡೆ ಆಗಿಬಿಟ್ಟಿದೆ. ಅಸಡ್ಡೆ ಅಂದೆನಲ್ಲ, ಅದು ಅಶ್ರದ್ಧೆಯ ಮಗು. ಶ್ರದ್ಧೆ ಇಲ್ಲದ್ದು.

ತಿರಸ್ಕಾರದಲ್ಲೂ ಕಣ್ಣಿನ ವಿಷಯ ಇದೆ. 'ತಿರಸ್' ಅಂದರೆ ಅಡ್ಡ, ಮರೆ. ಸಂಸ್ಕೃತ ನಾಟಕಗಳಲ್ಲಿ ಪರದೆಗೆ ತಿರಸ್ಕರಿಣಿ ಅಂತಾರೆ. ಒಬ್ಬರನ್ನು ಕಣ್ಣಿಂದ ಆಚೆಗೆ ಸರಿಸಿಬಿಡೋದೇ ತಿರಸ್ಕಾರ. ಧಿಕ್ಕಾರ ಬೇರೆ ಥರ, ಅದು ಬಾಯಿಯ ಸದ್ದಿನಿಂದ ಹುಟ್ಟಿದ್ದು. 'ಧಿಕ್' ಅಂತ ಉಗಿಯೋದು, ಹೂಂಕಾರ ಇದ್ದ ಹಾಗೆ ಧಿಕ್ಕಾರ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಾವೇರಿ ಚಳವಳಿ ನಡೆದಾಗಲೆಲ್ಲ ಸಂಜಯ ವೃತ್ತದಲ್ಲಿ ಕೇಳಿರುತ್ತೀರಿ.

ನನಗೆ ತುಂಬಾ ಇಷ್ಟವಾದದ್ದು ಒಂದಿದೆ, ಅದನ್ನು ಹೇಳಲೇಬೇಕು. ಲ್ಯಾಟಿನ್ನಿನ ಆ 'ಸ್ಪೆಕ್' ಅನ್ನೋ ಧಾತು ಸಂಸ್ಕೃತದಲ್ಲೂ ಇದೆ, 'ಸ್ಪಶ್' ಅಂತ. ಪಶ್ಯತಿ, ಅಂದರೆ ನೋಡುತ್ತಾನೆ, ಅದೇ ಮನೆಯದು. ನಾವು ದಿನಾ ಹೇಳೋ ಸ್ಪಷ್ಟ ಅನ್ನೋ ಪದವೂ ಅಲ್ಲಿಂದಲೇ ಬಂದದ್ದು, ಚೆನ್ನಾಗಿ ಕಂಡದ್ದು ಅಂತ. ಅಂದರೆ ಡೆಸ್ಪೈಟ್ ಮತ್ತು ಸ್ಪಷ್ಟ ದೂರದ ದಾಯಾದಿಗಳು. ಒಂದು ಕೀಳಾಗಿ ನೋಡೋದು, ಇನ್ನೊಂದು ಸರಿಯಾಗಿ ನೋಡೋದು. ಟೀಚರಮ್ಮ, ಹುಡುಗನಿಗೆ ಇದನ್ನು ಖಂಡಿತ ಹೇಳಿ. ಇಂಗ್ಲಿಷ್ ಪದದೊಳಗೆ ತನ್ನ ಮಾತಿನ ನೆಂಟ ಕೂತಿದ್ದಾನೆ ಅಂತ ಗೊತ್ತಾದರೆ ಆ ಭಾಷೆಯ ಮೇಲಿನ ಹೆದರಿಕೆ ಅರ್ಧ ಹೋಗುತ್ತದೆ.

ನಿವೃತ್ತ ಮೇಷ್ಟ್ರು, ಮೈಸೂರು

ಅತ್ತೆಯವರೇ, ನಿಮಗೆ ನಮಸ್ಕಾರ. ನೀವು ಕಣ್ಣಿನ ಮಾತು ತೆಗೆದದ್ದಕ್ಕೆ ಇನ್ನೊಂದು ನೆನಪಾಯಿತು. ಫ್ರೆಂಚ್ ಬರೋ ಮೊದಲು ಇಂಗ್ಲಿಷಿನವರ ಹತ್ತಿರ ತಮ್ಮದೇ ಪದ ಇತ್ತು, 'ಫೊರ್‌ಸೆವೆನ್ನೆಸ್' ಅಂತ. ತಿರಸ್ಕಾರಕ್ಕೆ ಹಳೆಯ ಇಂಗ್ಲಿಷ್. ಅದರೊಳಗೂ 'ಸೀ', ಅಂದರೆ ನೋಡು ಅನ್ನೋ ಧಾತುವೇ ಇದೆ. ನೋಡಿಯೂ ನೋಡದ ಹಾಗೆ ದಾಟಿ ಹೋಗೋದು. ನಮ್ಮ ಉಪೇಕ್ಷೆಯ ಹಾಗೇ. ಅದು ಪೂರ್ತಿ ಸತ್ತು ಹೋಯಿತು, ಒಂದು ಕುರುಹೂ ಉಳಿಯಲಿಲ್ಲ. ಅದರ ಜಾಗಕ್ಕೆ ಬಂದ ಡೆಸ್ಪೈಟ್ ನಾಮಪದವಾಗಿ ಸತ್ತರೂ 'ಆದರೂ' ಆಗಿ ಬದುಕಿತು. ಪದಗಳ ಹಣೆಬರಹ ನೋಡಿ.

ಕೋರ್ಟಿನ ಕಡತ

ನಾನು ಮೈಸೂರಿನಲ್ಲಿ ವಕೀಲರೊಬ್ಬರ ಹತ್ತಿರ ಕೆಲಸ ಮಾಡುತ್ತೇನೆ. ನಮ್ಮ ಕಡೆ ಬರೋ ಒಂದು ಹಳೆಯ ಪದ ಇದಕ್ಕೆ ಹತ್ತಿರ, ಮಿಸ್‌ಪ್ರಿಷನ್.

ಇದರಲ್ಲಿ ಒಂದು ತೊಡಕಿದೆ. ಇದು ಒಂದೇ ಪದ ಅಲ್ಲ, ಒಂದೇ ಥರ ಕಾಣೋ ಎರಡು ಪದ. ಮೊದಲನೆಯದು ಹಳೆಯ ಫ್ರೆಂಚಿನಲ್ಲಿ 'ತಪ್ಪಾಗಿ ತೆಗೆದುಕೊಳ್ಳೋದು' ಅನ್ನೋ ಅರ್ಥದ ಕ್ರಿಯಾಪದದಿಂದ ಬಂದದ್ದು. ಕಾನೂನಿನಲ್ಲಿ ನಿಂತಿರೋದು ಅದೇ. ರಾಜದ್ರೋಹ ನಡೀತಿದೆ ಅಂತ ಗೊತ್ತಿದ್ದೂ ಹೇಳದೆ ಮುಚ್ಚಿಟ್ಟರೆ ಇಂಗ್ಲೆಂಡಿನಲ್ಲಿ ಅದನ್ನು 'ಮಿಸ್‌ಪ್ರಿಷನ್ ಆಫ್ ಟ್ರೀಸನ್' ಅಂತಾರೆ. ಎರಡನೆಯದು 'ಮಿಸ್‌ಪ್ರೈಜ್' ಅನ್ನೋದರಿಂದ ಬಂದದ್ದು, ಅರ್ಥ ತಿರಸ್ಕಾರ. ಅದರೊಳಗೆ ಪ್ರೈಸ್ ಇದೆ ನೋಡಿ, ಬೆಲೆ. ಕಡಿಮೆ ಬೆಲೆ ಕಟ್ಟೋದು. ಇಂಗ್ಲಿಷಿನಲ್ಲಿ ಈ ಎರಡನೆಯದನ್ನು ಈಗ ಯಾರೂ ಬಳಸುವುದಿಲ್ಲ, ಆದರೆ ಫ್ರೆಂಚಿನಲ್ಲಿ ತಿರಸ್ಕಾರಕ್ಕೆ ಇವತ್ತಿಗೂ 'ಮೆಪ್ರಿ' ಅಂತಲೇ ಅನ್ನುತ್ತಾರೆ, ಅದೇ ಬೇರು.

ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮಮ್ಮ ನೆನಪಾದರು. 'ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆನೇ ಇಲ್ಲ' ಅನ್ನೋರು. ತಿರಸ್ಕಾರ, ಉಪೇಕ್ಷೆ ಅನ್ನೋ ಪದಗಳನ್ನು ಅವರು ಜೀವನದಲ್ಲಿ ಒಂದು ಸಲವೂ ಬಳಸಿರಲಿಕ್ಕಿಲ್ಲ. ಬೆಲೆ ಅಂತಲೇ ಅಂದರು.

ಕಂಟೆಂಪ್ಟ್ ಬಗ್ಗೆಯೂ ಒಂದು ಮಾತು. 1971ರ ಕಂಟೆಂಪ್ಟ್ ಆಫ್ ಕೋರ್ಟ್ಸ್ ಕಾಯ್ದೆಯನ್ನು ಕನ್ನಡದಲ್ಲಿ ನ್ಯಾಯಾಂಗ ನಿಂದನೆ ಕಾಯ್ದೆ ಅಂತ ಕರೆಯುತ್ತೇವೆ. ನಿಂದನೆ ಅಂದರೆ ಬೈಯೋದು ಅಂತ ಜನ ತಿಳಿದುಕೊಳ್ಳುತ್ತಾರೆ. ಆದರೆ ಆ ಕಾಯ್ದೆಯಲ್ಲಿ ಸಿವಿಲ್ ಕಂಟೆಂಪ್ಟ್ ಅಂದರೆ ಕೋರ್ಟಿನ ಆದೇಶವನ್ನು ಬೇಕಂತಲೇ ಪಾಲಿಸದೆ ಇರೋದು. ಒಂದು ಕೆಟ್ಟ ಮಾತೂ ಆಡದೆ, ಸುಮ್ನೆ ಮನೆಯಲ್ಲಿ ಕೂತೇ ಒಬ್ಬ ಅದನ್ನು ಮಾಡಬಹುದು. ಆರು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಎರಡನ್ನೂ ಸೇರಿಸಿ ಹಾಕಲೂಬಹುದು. ನಿಂದನೆ ಅನ್ನೋದಕ್ಕಿಂತ 'ಉಪೇಕ್ಷೆ' ಅಥವಾ 'ಧಿಕ್ಕಾರ' ಇದ್ದಿದ್ದರೆ ನಮ್ಮ ಕಕ್ಷಿದಾರರಿಗೆ ಬೇಗ ಅರ್ಥ ಆಗುತ್ತಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಆಲೆಮನೆ ಹುಡುಗ

ಬೆಲೆ ಅಂದಿದ್ದಕ್ಕೆ ಒಂದು. ಆ ಉದ್ದದ ಪದ ಇದೆಯಲ್ಲ, ಕ್ವಿಜ್‌ನಲ್ಲಿ ಕೇಳುತ್ತಾರೆ, ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್. ಅದರ ಅರ್ಥವೂ ಇದೇನಾ?

ನಿವೃತ್ತ ಮೇಷ್ಟ್ರು, ಮೈಸೂರು

ಹೌದು, ಯಾವುದನ್ನಾದರೂ ಬೆಲೆ ಇಲ್ಲದ್ದು ಅಂತ ತಳ್ಳಿಹಾಕೋದು. 29 ಅಕ್ಷರ. 1741ರ ಒಂದು ಕಾಗದದಲ್ಲಿ ಮೊದಲು ಸಿಗುತ್ತದೆ. ಉಣ್ಣೆಯ ಎಳೆ, ಕ್ಷುಲ್ಲಕ ವಸ್ತು, ಏನೂ ಇಲ್ಲದ್ದು, ಕೂದಲು, ಈ ನಾಲ್ಕು ಅರ್ಥದ ಲ್ಯಾಟಿನ್ ಪದಗಳನ್ನು ಸಾಲಾಗಿ ಹೊಲಿದದ್ದು. ನಾವು ತೃಣಕ್ಕೆ ಸಮ, ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತೀವಲ್ಲ, ಹಾಗೆ. ಆದರೆ ಅದು ಸುಮ್ನೆ ಆಟಕ್ಕೆ ಕಟ್ಟಿದ ಪದ. ಡೆಸ್ಪೈಟಿನ ಥರ ಜನರ ಬಾಯಲ್ಲಿ ಬೆಳೆದದ್ದಲ್ಲ, ನನಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ.

ಪರೀಕ್ಷೆಗೆ ಹತ್ತು ದಿನ

ಮೇಷ್ಟ್ರೇ, ಇವತ್ತು ಕ್ಲಾಸಿನಲ್ಲಿ 'ದೊಡ್ಡವನು ಒಬ್ಬನೇ ಸಂತೆಗೆ ಹೋಗುತ್ತಾನೆ' ಅಂತ ಹೇಳಿದೆ. ಹತ್ತು ವಾಕ್ಯ ಕೊಟ್ಟೆ. ಮೂವತ್ತೆರಡು ಮಕ್ಕಳಲ್ಲಿ ಇಬ್ಬರು ಮಾತ್ರ 'ಡೆಸ್ಪೈಟ್ ಆಫ್' ಬರೆದರು. ಅವರಿಗೆ ಐನೂರು ವರ್ಷದ ಹಿಂದಿನ ಇಂಗ್ಲಿಷ್ ಅಂತ ನೀವು ಹೇಳಿದ ಹಾಗೇ ಹೇಳಿದೆ. ಒಬ್ಬಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನಾನು ಮೊದಲು ಬರೆದ ಮಾತನ್ನು ವಾಪಸ್ ತಗೊಳ್ಳುತ್ತೇನೆ.

ಅಂದ ಹಾಗೆ ನನಗೂ ಒಂದು ನೆನಪಾಯಿತು. ತಿರಸ್ಕಾರ ಅನ್ನೋ ನಮ್ಮ ಪದವೂ ಸವೆದಿದೆ ಅಲ್ವಾ? ಚುನಾವಣೆ ಬಂದರೆ 'ನಾಮಪತ್ರ ತಿರಸ್ಕೃತ' ಅಂತ ಓದುತ್ತೇವೆ. ಆ ಅಧಿಕಾರಿಗೆ ಕಾಗದದ ಮೇಲೆ ಏನು ಕೋಪ? ಸಹಿ ಇರಲಿಲ್ಲ, ವಾಪಸ್ ಮಾಡಿದರು, ಅಷ್ಟೇ. ಕೆಲವು ವರ್ಷದ ಹಿಂದೆ ನಮ್ಮಪ್ಪ ಒಂದು ಕಚೇರಿಗೆ ಪಿಂಚಣಿಗೆ ಅರ್ಜಿ ಹಾಕಿದ್ದರು. 'ನಿಮ್ಮ ಅರ್ಜಿ ತಿರಸ್ಕರಿಸಲಾಗಿದೆ' ಅಂತ ಒಂದು ಸಾಲಿನ ಕಾಗದ ಬಂತು. ಒಂದು ದಾಖಲೆ ಕಡಿಮೆ ಇತ್ತು, ಆಮೇಲೆ ಕೊಟ್ಟೆವು, ಸರಿಯಾಯಿತು. ಆದರೆ ಅಪ್ಪ ಆ ಪದ ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ಸವೆದ ಪದ ಆಗಿರಲಿಲ್ಲ.

ಸರಸ್ವತಿಪುರಂ ಅತ್ತೆ

ಇದನ್ನು ಓದಿ ಮನಸ್ಸು ಭಾರ ಆಯಿತು. 'ಒಪ್ಪಿಲ್ಲ' ಅಂತ ಬರೆದಿದ್ದರೂ ಸಾಕಿತ್ತು. 'ಈ ದಾಖಲೆ ಬೇಕು' ಅಂತ ಬರೆದಿದ್ದರೆ ಇನ್ನೂ ಚೆನ್ನಾಗಿತ್ತು.

ಟೀಚರಮ್ಮ, ಮಂಡ್ಯ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ಬುಧವಾರದ ಪಾಠ ಮುಗಿಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊದಲು ಕೈಲಿ ಓಡೋ ಮಾತು ಹೇಳಿದೆ. ಇಡೀ ಕ್ಲಾಸು ನಕ್ಕಿತು, ಆಮೇಲೆ ಒಬ್ಬೊಬ್ಬರಾಗಿ ತಾವೇ ಶುರು ಮಾಡಿದರು. 'ತಲೆ ತಿನ್ನಬೇಡ ಅಂತೀವಿ ಮಿಸ್', 'ಹೊಟ್ಟೆಕಿಚ್ಚು ಅಂತೀವಿ, ಒಳಗೆ ಬೆಂಕಿ ಇರಲ್ಲ'. ಮೇಷ್ಟ್ರು ಹೇಳಿದ್ದಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದೆ ಅಂತ ನನಗೆ ಗೊತ್ತು, ಆದರೆ ಅವರ ಉತ್ಸಾಹಕ್ಕೆ ಅಡ್ಡ ಬರಲಿಲ್ಲ. ಸೆಡ್ಡು ಹೊಡೆಯೋದನ್ನು ಇಬ್ಬರು ಹುಡುಗರು ಮುಂದೆ ಬಂದು ಮಾಡಿಯೇ ತೋರಿಸಿದರು.

ಪ್ರಶ್ನೆ ಕೇಳಿದ ಹುಡುಗ ಮಾತ್ರ ಪೂರ್ತಿ ಹೊತ್ತು ಸುಮ್ಮನಿದ್ದ. 'ಡೆಸ್ಪೈಟ್ ಅಂದರೆ ಕೆಳಗೆ ನೋಡೋದು' ಅಂತ ಬೋರ್ಡ್ ಮೇಲೆ ಬರೆದಾಗ ಅದನ್ನೇ ನೋಡುತ್ತಾ ಕೂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, 'ಮಿಸ್, ಹಾಗಾದರೆ ರೆಸ್ಪೆಕ್ಟ್‌ನಲ್ಲೂ ಸ್ಪೆಕ್ ಇದೆಯಲ್ಲ, ಅದು ಮೇಲಕ್ಕೆ ನೋಡೋದಾ?' ಅಂದ. ನಾನೂ ಹಾಗೇ ಅಂದುಕೊಂಡೆ, ಆದರೆ ಹೇಳಲಿಲ್ಲ. ಶುಕ್ರವಾರ ಹೇಳುತ್ತೇನೆ ಅಂದಿದ್ದೇನೆ. ಮೇಷ್ಟ್ರೇ?

ನಿವೃತ್ತ ಮೇಷ್ಟ್ರು, ಮೈಸೂರು

ಮೇಲಕ್ಕಲ್ಲ ಮೇಡಂ, ಹಿಂದಕ್ಕೆ. 'ರೆ' ಅಂದರೆ ಮತ್ತೆ, ಹಿಂದಕ್ಕೆ. ದಾಟಿ ಹೋದವರು ನಿಂತು, ತಿರುಗಿ, ಇನ್ನೊಂದು ಸಲ ನೋಡೋದು ರೆಸ್ಪೆಕ್ಟ್. ಅದಕ್ಕೂ ಫ್ರೆಂಚಿನ ದಾರಿಯಲ್ಲಿ ಬಂದ ಒಂದು ರೂಪ ಇದೆ, ರೆಸ್ಪೈಟ್ ಅಂತ. ಡೆಸ್ಪೈಟಿನ ಪ್ರಾಸವೇ. ಅದರ ಅರ್ಥ ಬಿಡುವು, ವಾಯಿದೆ, ಸ್ವಲ್ಪ ಸಮಯ ಕೊಡೋದು. ತೀರ್ಮಾನ ಮಾಡೋ ಮುಂಚೆ ಇನ್ನೊಂದು ಸಲ ನೋಡೋಣ ಅಂತ ತಡೆಯೋದರಿಂದ ಆ ಅರ್ಥ ಬಂತು.

ಹುಡುಗನಿಗೆ ಉತ್ತರ ಹೇಳೋಕೆ ನೀವು ಬುಧವಾರದವರೆಗೆ ಸಮಯ ತೆಗೆದುಕೊಂಡಿರಲ್ಲ, ಅದೇ ರೆಸ್ಪೈಟ್.